ಹಾಡಿನ ನಾಟಕ ಎಲ್ಲಿಂದ ಬಂತು: ಯಕ್ಷಗಾನ, ಮರಾಠಿ, ಪಾರ್ಸಿ? 45 ನಿಮಿಷದಲ್ಲಿ ತೋರಿಸುವುದು ಹೇಗೆ?

ತೆರೆಮರೆ (ಪ್ರಶ್ನೆ)

ನಮಸ್ಕಾರ. ಕಾಲೇಜು ರಂಗತಂಡದಿಂದ ಒಂದು ಪ್ರಾತ್ಯಕ್ಷಿಕೆ ಆಗಬೇಕಿದೆ. ಹಾಡಿನ ನಾಟಕ ನಮ್ಮ ಕಡೆ ಹೇಗೆ ಹುಟ್ಟಿತು, ಕಂಪನಿ ನಾಟಕದವರೆಗೆ (ಊರೂರು ಸುತ್ತುವ ವೃತ್ತಿ ತಂಡಗಳ ನಾಟಕ) ಹೇಗೆ ಬಂತು ಅನ್ನುವುದು ವಿಷಯ. ಓದಿದ ಕಡೆಯೆಲ್ಲ ಒಂದೊಂದು ಥರ ಇದೆ. ಯಕ್ಷಗಾನವೇ ಮೂಲ ಅಂತ ಒಬ್ಬರು, ಮುಂಬೈಯ ಪಾರ್ಸಿ ನಾಟಕ ಕಂಪನಿ ಅಂತ ಇನ್ನೊಬ್ಬರು, ಎಲ್ಲ ಮರಾಠಿಯವರಿಂದ ಕಲಿತದ್ದು ಅಂತ ಮತ್ತೊಬ್ಬರು. ತಂಡದಲ್ಲೇ ಒಬ್ಬನ ವಾದ, ಮ್ಯೂಸಿಕಲ್ ಅನ್ನೋದೇ ನ್ಯೂಯಾರ್ಕಿನ ಬ್ರಾಡ್‌ವೇ ಸರಕು ಅಂತ.

ಕೈಯಲ್ಲಿರುವುದು ಇಷ್ಟು: ಒಂಬತ್ತು ಜನ (ಮೂವರು ಹುಡುಗಿಯರು), ಒಂದು ಕೈ ಹಾರ್ಮೋನಿಯಂ, ಒಂದು ಜೊತೆ ತಬಲಾ, ಒಂದು ಮದ್ದಳೆ. ರಂಗದ ಬಾಯಿ 24 ಅಡಿ. ಸಮಯ 45 ನಿಮಿಷ. ಏನು ತೋರಿಸಬೇಕು, ಶ್ರುತಿ ಎಷ್ಟಿಡಬೇಕು, ಬಣ್ಣದ ಪರದೆ ಮಾಡಿಸುವುದಾದರೆ ಹೇಗೆ ಅಂತ ತಿಳಿದವರು ಹೇಳಿ.

ಹಿಮ್ಮೇಳ

‘ಮೊದಲು ಯಾರು’ ಅಂತ ಕೇಳಬೇಡಿ, ‘ಹಾಡುವವರು ಯಾರು’ ಅಂತ ಕೇಳಿ. ಅರ್ಧ ಗೋಜಲು ಅಲ್ಲೇ ಬಿಡುತ್ತದೆ.

ಯಕ್ಷಗಾನದಲ್ಲಿ ಪದ, ಅಂದರೆ ಹಾಡು, ಭಾಗವತರದ್ದು. ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಅದರ ಅರ್ಥವನ್ನು ಆಶುವಾಗಿ ಮಾತಿನಲ್ಲಿ ಬೆಳೆಸುತ್ತಾನೆ. ಹಿಮ್ಮೇಳ (ಭಾಗವತರು, ವಾದ್ಯದವರು) ಕೂರುವುದು ವೇಷದ ಬೆನ್ನ ಹಿಂದೆ. ಆಟ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬ ಲಗಾಮು ಭಾಗವತರ ಜಾಗಟೆಯಲ್ಲಿದೆ.

1842ರ ಹೊತ್ತಿಗೆ ಉತ್ತರ ಕನ್ನಡದ ಭಾಗವತರ ತಂಡವೊಂದು (ಹೊನ್ನಾವರ ಹತ್ತಿರದ ಕರ್ಕಿಯ ಮೇಳವೆಂದೇ ರೂಢಿಯ ಮಾತು) ಸಾಂಗ್ಲಿಯಲ್ಲಿ ಆಟ ಆಡಿತು. ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರು ಅದನ್ನು ನೋಡಿ, ಇಂಥದ್ದು ಮರಾಠಿಯಲ್ಲೂ ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ಬಂತು. ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುವುದು ಇದೇ ನೆನಪಿಗೆ. ಆದರೆ ಭಾವೆಯವರ ಆಟದಲ್ಲೂ ಹಾಡುವವನು ಸೂತ್ರಧಾರನೇ, ಪಾತ್ರಗಳು ಮಾತನ್ನು ಸ್ವಂತದಿಂದ ಕಟ್ಟಿ ಆಡುತ್ತಿದ್ದವು. ಗಣಪತಿ, ಸರಸ್ವತಿ, ವಿದೂಷಕ ಎಲ್ಲರೂ ಇದ್ದರು. ಭಾಷೆ ಬದಲಾಯಿತು, ಹಾಡುವ ಗಂಟಲು ಬದಲಾಗಲಿಲ್ಲ.

ಅದು ಬದಲಾದದ್ದು 1880ರ ಅಕ್ಟೋಬರ್ 31ರಂದು, ಪುಣೆಯಲ್ಲಿ, ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ದಲ್ಲಿ. ಸೂತ್ರಧಾರ ನಾಂದಿ (ಆರಂಭದ ಪ್ರಾರ್ಥನೆ) ಮುಗಿಸಿ ಹೊರಟುಹೋಗುತ್ತಾನೆ, ಶಕುಂತಲೆ ತಾನೇ ಹಾಡುತ್ತಾಳೆ. ಕಿರ್ಲೋಸ್ಕರರಿಗೆ ಇದು ಹೊಳೆದದ್ದು ಪಾರ್ಸಿ ಕಂಪನಿಯ ‘ಇಂದ್ರಸಭಾ’ ನೋಡಿದ ಮೇಲೆ. ಆ ನಾಟಕ ಲಖನೌನ ಕವಿ ಅಮಾನತ್‌ದು, 1850ರ ದಶಕದ್ದು. ಹಾಡು, ಪರಿಯರು (ಅಪ್ಸರೆಯಂಥವರು), ಕುಣಿತ ಎಲ್ಲ ತುಂಬಿದ್ದು. ಪಾರ್ಸಿಯವರು ಜೊತೆಗೆ ತಂದದ್ದು ಟಿಕೆಟ್ಟಿನ ಥಿಯೇಟರು, ಚೌಕಟ್ಟಿನ ರಂಗ, ಬಣ್ಣದ ಪರದೆ. ಅವು ಮುಂಬೈಯಲ್ಲಿ ಇಂಗ್ಲಿಷ್ ತಂಡಗಳಿಂದ ಅವರು ಕಲಿತವು.

ಬ್ರಾಡ್‌ವೇ ಗೆಳೆಯನಿಗೆ ಇಷ್ಟು ಹೇಳಿ: ನ್ಯೂಯಾರ್ಕಿನವರು ತಮ್ಮ ಮೊದಲ ಮ್ಯೂಸಿಕಲ್ ಎಂದು ಸಾಮಾನ್ಯವಾಗಿ ತೋರಿಸುವ ‘ದ ಬ್ಲ್ಯಾಕ್ ಕ್ರೂಕ್’ 1866ರದ್ದು. ಅದಕ್ಕೂ ಬಹಳ ಹಿಂದೆ, 1728ರಲ್ಲಿ, ಲಂಡನ್ನಿನಲ್ಲಿ ಜಾನ್ ಗೇ ಬರೆದ ‘ದ ಬೆಗರ್ಸ್ ಆಪೆರಾ’ದಲ್ಲಿ 69 ಹಾಡುಗಳಿದ್ದವು. ಹೆಚ್ಚಿನವು ಜನರ ಬಾಯಲ್ಲಿ ಆಗಲೇ ಓಡಾಡುತ್ತಿದ್ದ ಮಟ್ಟುಗಳು, ಸಾಹಿತ್ಯ ಮಾತ್ರ ಹೊಸದು. ನಮ್ಮ ನಾಟಕದ ಕವಿಗಳು ‘ಎಂಬ ಧಾಟಿ’ ಅಂತ ಹಾಡಿನ ತಲೆಯ ಮೇಲೆ ಬರೆಯುತ್ತಿದ್ದರಲ್ಲ, ಅದೇ ಕಸುಬು.

ಮುಳಗುಂದ ನಾಕಾ

ಹಿಮ್ಮೇಳ ಅವರು ಹೇಳಿದ್ದು ಖರೆ. ಆದ್ರ ಸಾಂಗ್ಲಿಯಿಂದ ಸೀದಾ ಪುಣೆಕ್ಕ ಹಾರಿದ್ರ ನಡುವಿನ ನಮ್ಮ ಊರುಗಳು ಬಿಟ್ಟುಹೋಗ್ತಾವ್ರಿ.

ಒಂದನೇದು, ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನಾಗ, 1843ರಾಗ. ಅಂದ್ರ ಭಾವೆ ನಾಟಕ ಆಡಿಸಿದ ವರ್ಷನ. ಹಂಗಂತ ಅವರನ್ನ ಕನ್ನಡ ನಾಟಕಕಾರ ಮಾಡಬ್ಯಾಡ್ರಿ, ಮಂದಿ ಹಂಗ ಬರೀತಾರ. ಅವರು ಬರೆದದ್ದೆಲ್ಲ ಮರಾಠಿ. ಸಾಕಿ, ದಿಂಡಿ, ಲಾವಣಿ ಅನ್ನೋ ಮರಾಠಿ ಧಾಟಿ, ಕೀರ್ತನದ ಚಾಲಿ ಅವರ ಮುಖ್ಯ ಸಾಮಾನು.

ಎರಡನೇದು, ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗ ಸುತ್ತಿ ರೊಕ್ಕ ಮಾಡಿಕೊಂಡು ಹೋಗತಿದ್ವು. ಕನ್ನಡ ಮಂದಿ ಮರಾಠಿ ನಾಟಕ ನೋಡಿ ತಲಿದೂಗೂ ಹೊತ್ತಿನಾಗ ಸಕ್ಕರಿ ಬಾಳಾಚಾರ್ಯರು, ಅಂದ್ರ ಶಾಂತಕವಿಗಳು (1856–1920), 1870ರ ದಶಕದಾಗ ಗದಗಿನೊಳಗ ಕನ್ನಡದ ಮಂಡಳಿ ಕಟ್ಟಿದ್ರು. ಹೆಸರು ಕೃತಪುರ ನಾಟಕ ಮಂಡಳಿ. ಕೃತಪುರ ಅಂದ್ರ ಗದಗ. ‘ಉಷಾಹರಣ’ ಅವರ ಹೆಸರಾದ ನಾಟಕ. ಕಿರ್ಲೋಸ್ಕರರ ಶಾಕುಂತಲಕ್ಕಿಂತ ಮೊದಲs ಇಲ್ಲಿ ಕನ್ನಡದಾಗ ಮಂಡಳಿ ಇತ್ತು ಅನ್ನೋದನ್ನ ನಿಮ್ಮ ಪ್ರಾತ್ಯಕ್ಷಿಕೆದಾಗ ಒಂದು ಸಾಲರೆ ಹೇಳ್ರಿ.

ಮೂರನೇದು, ಪಾತ್ರ ತಾನs ಹಾಡೋದನ್ನ ಪಾರ್ಸಿಯವರs ಕಲಿಸಬೇಕಾಗಿರಲಿಲ್ಲ. ನಮ್ಮ ಬಯಲಾಟದಾಗಿನ ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ನೋಡ್ರಿ. ಪಾತ್ರಧಾರಿ ಸಾಲು ಎತ್ತತಾನ, ಹಿಂದ ನಿಂತ ಹಿಮ್ಮೇಳದವ್ರು ಅದನ್ನs ಹಿಡಿದು ಏರಿಸ್ತಾರ, ಅಷ್ಟರಾಗ ಪಾತ್ರದವ ಉಸಿರು ತಗೊಂಡು ಹೆಜ್ಜಿ ಹಾಕ್ತಾನ. ಕಂಪನಿ ನಾಟಕ ಬಂದ ಮ್ಯಾಲೆ ಆ ಹಿಂದಿನ ಮಂದಿ ಹೋದ್ರು. ಪಾತ್ರದವ ಒಬ್ಬನs ಪೂರಾ ಹಾಡಬೇಕಾತು. ಉಸಿರು ತಗೊಳ್ಳಾಕ ಅವಕಾಶ ಮಾಡಿಕೊಡಾಕ ಪೆಟಗಿ, ಅಂದ್ರ ಹಾರ್ಮೋನಿಯಂ, ಬೇಕಾತು. ಇದು ನನ್ನ ಲೆಕ್ಕ. ಪಂಡಿತರು ಒಪ್ಪದಿದ್ರ ಜಗಳ ಆಡೂಣು.

ಮೈಸೂರು ಕಡೆದು ಬ್ಯಾರೆ ದಾರಿ. ಅಲ್ಲಿ ಅರಮನಿ. ಚಾಮರಾಜ ಒಡೆಯರ ಆಶ್ರಯದಾಗ ನಾಟಕ ಸಭಾ, ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ, ಕರ್ನಾಟಕ ಸಂಗೀತದ ಹಾಡು. 1884ರಾಗ ಗುಬ್ಬಿ ಕಂಪನಿ. ಆಮ್ಯಾಲೆ ವರದಾಚಾರ್ಯರ ರತ್ನಾವಳಿ ಕಂಪನಿ. ಒಂದs ‘ಕಂಪನಿ ನಾಟಕ’ ಅನ್ನೋ ಹೆಸರಿನಾಗ ಎರಡು ಸಂಗೀತ ಅದಾವ, ಉತ್ತರದ್ದು ಹಿಂದೂಸ್ತಾನಿ, ದಕ್ಷಿಣದ್ದು ಕರ್ನಾಟಕಿ. 45 ನಿಮಿಷದಾಗ ಎರಡನ್ನೂ ತೋರಸಾಕ ಹೋಗಬ್ಯಾಡ್ರಿ, ಒಂದನ್ನ ಹಿಡೀರಿ.

ತೋರಿಸೋದು ಏನು? ಉಷೆ–ಚಿತ್ರಲೇಖೆ ದೃಶ್ಯ. ಉಷೆ ಕನಸಿನಾಗ ಕಂಡವ ಯಾರು ಅಂತ ಚಿತ್ರಲೇಖೆ ಒಬ್ಬೊಬ್ಬರದs ಚಿತ್ರ ಬರೆದು ತೋರಸ್ತಾಳ. ಇಬ್ಬರs ಪಾತ್ರ, ಯಕ್ಷಗಾನಕ್ಕೂ ಬರ್ತದ, ಶಾಂತಕವಿಗಳಿಗೂ ಬರ್ತದ. ಅದನ್ನs ಮೂರು ಸಲ ಆಡ್ರಿ.

ಕಾಲುಪೆಟ್ಟಿಗೆ

ಆ ಸಲಹೆಗೆ ನನ್ನದೂ ಕೈ. ದೃಶ್ಯ ಒಂದೇ ಇದ್ದರೆ ನೋಡುವವರಿಗೆ ಕಥೆಯ ಗೊಡವೆ ಇರುವುದಿಲ್ಲ, ಹಾಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಷ್ಟೇ ಕಣ್ಣಿಗೆ ಬೀಳುತ್ತದೆ. ನಾನು ಸಾಹಿತ್ಯ, ಶ್ರುತಿ ಎರಡರ ಬಗ್ಗೆ ಹೇಳುತ್ತೇನೆ.

ಒಂದೇ ಪದ್ಯವನ್ನು ಮೂರೂ ಸಲ ಬಳಸಿ. ಭಾಮಿನಿ ಷಟ್ಪದಿ ಇದಕ್ಕೆ ಹೇಳಿಮಾಡಿಸಿದ್ದು. ಅರ್ಧ ಪದ್ಯ ಕಟ್ಟಿಕೊಟ್ಟಿದ್ದೇನೆ:

ಕನಸಿನೊಳು ಬಂದವನ ಹೆಸರನು
ನೆನೆಯಲರಿಯೆನು ಸಖಿಯೆ ರೂಪವು
ಮನದೊಳಚ್ಚೊತ್ತಿಹುದು ಬಣ್ಣದಿ ಬರೆದು ತೋರಿಸು ನೀ

ಮೊದಲೆರಡು ಸಾಲು 3+4+3+4, ಅಂದರೆ 14 ಮಾತ್ರೆ. ಮೂರನೆಯದು ಮೂರು ಸಲ 3+4, ಕೊನೆಗೊಂದು ಗುರು, ಒಟ್ಟು 23. ಮೊದಲ ಸಲ ಭಾಗವತರು ತಾಳವಿಲ್ಲದೆ ರಾಗದಲ್ಲಿ ಹೇಳಲಿ, ಉಷೆ ಬರೀ ಅಭಿನಯಿಸಿ ಆಮೇಲೆ ಮಾತಿನಲ್ಲಿ ಅರ್ಥ ಹೇಳಲಿ. ಎರಡನೇ ಸಲ ಉಷೆಯೇ ಏಳು ಮಾತ್ರೆಯ ತಾಳಕ್ಕೆ ಹಾಡಲಿ. ಪ್ರತಿ 3+4 ಒಂದೊಂದು ಆವರ್ತಕ್ಕೆ (ತಾಳದ ಒಂದು ಪೂರ್ತಿ ಸುತ್ತು) ಸರಿಯಾಗಿ ಕೂರುತ್ತದೆ. ಮೂರನೇ ಸಾಲಿನ ಕೊನೆಯ ‘ನೀ’ ಎರಡೇ ಮಾತ್ರೆ, ಆವರ್ತದಲ್ಲಿ ಇನ್ನೂ ಐದು ಉಳಿಯುತ್ತದೆ. ಅಲ್ಲಿ ಹಾರ್ಮೋನಿಯಂ ತುಂಬುತ್ತದೆ, ಉಷೆ ಉಸಿರೆಳೆದುಕೊಳ್ಳುತ್ತಾಳೆ. ಮುಳಗುಂದ ನಾಕಾ ಅವರು ಹೇಳಿದ ‘ಉಸಿರಿಗೆ ಅವಕಾಶ’ ಇದೇ ಐದು ಮಾತ್ರೆ.

ಮಟ್ಟಿಗೆ ಸಾಹಿತ್ಯ ಕೂರಿಸುವಾಗ ಕೆಡುವುದು ಎಲ್ಲಿ ಅಂದರೆ, ಲಘು ಅಕ್ಷರದ ಮೇಲೆ ಉದ್ದ ಸ್ವರ ಬಿದ್ದಾಗ. ‘ಬಳೆ ತೊಟ್ಟ ಕೈ’ ಎಂದು ಬರೆದಿರುತ್ತೀರಿ, ಧಾಟಿಯ ಮೊದಲ ಸ್ವರ ಎರಡು ಮಾತ್ರೆ ಇದ್ದರೆ ‘ಬಾಳೆ ತೊಟ್ಟ ಕೈ’ ಆಗುತ್ತದೆ. ‘ಬಳಿಗೆ ಬಾ’ ಎನ್ನುವುದು ‘ಬಾಳಿಗೆ ಬಾ’ ಆಗುತ್ತದೆ. ಹೇಳುವವನು ನಾರದ, ಕೇಳುವವನು ಇಂದ್ರ ಆಗಿದ್ದರೆ ಸಭೆ ನಗುವುದು ಖಂಡಿತ. ಮಾತ್ರೆ ಎಣಿಸಿದರೆ ಸಾಲದು, ಧಾಟಿಯಲ್ಲಿ ಎಲ್ಲಿ ನಿಲ್ಲುತ್ತೀರೋ ಅಲ್ಲಿ ಗುರು ಬಂದಿದೆಯೇ ನೋಡಿ.

ಇನ್ನು ಶ್ರುತಿ. ಹಳೆಯ ಕಂಪನಿಗಳಲ್ಲಿ ಸ್ತ್ರೀಪಾತ್ರವೂ ಗಂಡಸರದ್ದೇ, ಹಾಗಾಗಿ ನಾಯಕ–ನಾಯಕಿ ಒಂದೇ ಶ್ರುತಿಯಲ್ಲಿ ಹಾಡಿಬಿಡುತ್ತಿದ್ದರು. ನಿಮ್ಮಲ್ಲಿ ಹುಡುಗಿಯರೇ ಹಾಡುವುದರಿಂದ ತೊಡಕು ಇದೆ. ಹುಡುಗರಿಗೆ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಕೀ), ಹುಡುಗಿಯರಿಗೆ ಕಪ್ಪು ಮೂರು ಇಡಿ. ಯಾಕೆ ಈ ಜೋಡಿ ಅಂದರೆ, ಕಪ್ಪು ಮೂರಕ್ಕೆ ಪಂಚಮ (‘ಪ’ ಸ್ವರ) ಬರುವುದು ಕಪ್ಪು ಒಂದರಲ್ಲಿ. ಕಪ್ಪು ಒಂದಕ್ಕೆ ಕೂಡಿಸಿದ ತಬಲಾ ಗಂಡುದನಿಗೆ ಷಡ್ಜ, ಅಂದರೆ ‘ಸ’ ಆಗುತ್ತದೆ, ಹೆಣ್ಣುದನಿಗೆ ಪಂಚಮವಾಗುತ್ತದೆ. ನಡುವೆ ತಬಲಾದ ಶ್ರುತಿ ತಿದ್ದಲು ಸುತ್ತಿಗೆ ಹಿಡಿದು ಕೂರುವ ಕೆಲಸವಿಲ್ಲ. ಶುದ್ಧ ಮಧ್ಯಮವೇ ಜೀವವಾದ, ಪಂಚಮ ಬಾರದ ರಾಗಗಳಿಗೆ ಮಾತ್ರ ಇದು ಒಗ್ಗುವುದಿಲ್ಲ. ಮದ್ದಳೆಗೂ ಕಪ್ಪು ಒಂದೇ ಸಾಕು. ಭಾಗವತಿಕೆಗೆ ಏರುಶ್ರುತಿ ಬೇಕಾಗಿದ್ದು ಮೈಕಿಲ್ಲದ ಬಯಲಿಗೆ, ನಿಮ್ಮ ಸಭಾಂಗಣಕ್ಕಲ್ಲ.

ಕೊನೆಗೆ, ವಾದ್ಯದವರನ್ನು ಕೂರಿಸುವ ಜಾಗ. ಮೊದಲ ಸಲ ಹಿಮ್ಮೇಳ ರಂಗದ ಹಿಂಭಾಗದಲ್ಲಿರಲಿ. ಎರಡನೇ ಸಲಕ್ಕೆ ಅವರು ಎದ್ದು, ಎಲ್ಲರ ಕಣ್ಣೆದುರೇ ಇಳಿದುಬಂದು ರಂಗದ ಮುಂದೆ, ಪಾತ್ರಕ್ಕೆ ಮುಖ ಮಾಡಿ ಕೂರಲಿ. ಬೆನ್ನ ಹಿಂದೆ ಇದ್ದವರು ಪಾತ್ರವನ್ನು ನಡೆಸುತ್ತಿದ್ದರು, ಎದುರು ಕೂತವರು ಪಾತ್ರದ ಬಾಯಿ ನೋಡಿ ಹಿಂಬಾಲಿಸುತ್ತಾರೆ. ಇಡೀ ಇತಿಹಾಸದಲ್ಲಿ ಆದದ್ದೇ ಅದು, ಅರ್ಧ ನಿಮಿಷದಲ್ಲಿ ತೋರಿಸಿಬಿಡಬಹುದು.

ಕಾಲುಪೆಟ್ಟಿಗೆ, ಅಂದರೆ ಕಾಲು ಹಾರ್ಮೋನಿಯಂ, ಸಿಕ್ಕರೆ ತನ್ನಿ. ತಿದಿ ಕಾಲಲ್ಲಿ ಒತ್ತುವುದರಿಂದ ಎರಡೂ ಕೈ ಖಾಲಿ ಇರುತ್ತದೆ, ಬಲಗೈ ಹಾಡಿನ ಜೊತೆ ಹೋದರೆ ಎಡಗೈ ಆಧಾರ ಹಿಡಿದಿರುತ್ತದೆ. ಕಂಪನಿ ನಾಟಕದ ಆ ತುಂಬುನಾದ ಕೈ ಹಾರ್ಮೋನಿಯಂನಲ್ಲಿ ಪೂರ್ತಿ ಬರುವುದಿಲ್ಲ. ಹಳೆಯ ಪೆಟ್ಟಿಗೆಯಾದರೆ ಮೊದಲು ತಿದಿಯ ಚರ್ಮ ನೋಡಿ. ಯಾವ ಮನೆಯನ್ನೂ ಒತ್ತದೆ ತಿದಿ ತುಂಬಿ ಕಾಲು ತೆಗೆಯಿರಿ. ಗಾಳಿ ಕೂಡಲೇ ಇಳಿದುಹೋದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಏರುದನಿಯ ಹಾಡಿಗೆ ಅದು ಕೈಕೊಡುತ್ತದೆ.

ತೆರೆಮರೆ

ಇಷ್ಟು ನಿರೀಕ್ಷೆ ಇರಲಿಲ್ಲ, ಎಲ್ಲರಿಗೂ ಧನ್ಯವಾದ. ಉಷೆ–ಚಿತ್ರಲೇಖೆ ಖಾಯಂ. ಮೂರನೇ ಸಲದ್ದು ಪೂರ್ತಿ ಕಂಪನಿ ಶೈಲಿ ಅಂತ ಇಟ್ಟುಕೊಂಡರೆ ಅದಕ್ಕೆ ಪರದೆ ಬೇಕೇ ಬೇಕಲ್ಲ? ಮತ್ತೆ ನಡುವೆ ಹಾಸ್ಯದ ದೃಶ್ಯ ತುರುಕಬೇಕಾ? ಕಥೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ, ಯಾಕೆ ಇಡುತ್ತಿದ್ದರು ಅಂತ ತಿಳಿಯಲಿಲ್ಲ.

ರಾಟೆಹಗ್ಗ

ಹಾಸ್ಯದ ದೃಶ್ಯ ಬಂದದ್ದು ನಗಿಸುವುದಕ್ಕೆ ಎಷ್ಟೋ, ಸಾಮಾನು ಸಾಗಿಸುವುದಕ್ಕೂ ಅಷ್ಟೇ. ಪರದೆ ವ್ಯವಸ್ಥೆ ಅರ್ಥವಾದರೆ ಇದೂ ಅರ್ಥವಾಗುತ್ತದೆ.

ರಂಗದ ಮುಂಭಾಗದಲ್ಲಿ ಐದಾರು ಅಡಿ ಬಿಟ್ಟು ರಸ್ತೆ ಪರದೆ (ಬೀದಿಯ ಚಿತ್ರ ಬರೆದದ್ದು) ಇಳಿಯುತ್ತದೆ. ಅದರ ಮುಂದೆ ಇಬ್ಬರು ಹಾಸ್ಯಗಾರರು ನಿಂತು ಮಾತು, ಒಂದು ಹಾಡು. ಆ ಹೊತ್ತಿನಲ್ಲಿ ಹಿಂದೆ ಕಾಡು ತೆಗೆದು ದರ್ಬಾರು ಜೋಡಿಸುತ್ತಿರುತ್ತಾರೆ. ಸಿಂಹಾಸನ, ಕಂಬ, ಮೆಟ್ಟಿಲು ಎಲ್ಲ ಸೇರಿ ಎಷ್ಟು ನಿಮಿಷ ಹಿಡಿಯುತ್ತದೋ ಹಾಸ್ಯ ಅಷ್ಟು ಉದ್ದ. ಹಿಂದಿನಿಂದ ‘ಆಯ್ತು’ ಅನ್ನುವ ಸನ್ನೆ ಬರುವವರೆಗೆ ಹಾಸ್ಯಗಾರ ಬೆಳೆಸುತ್ತಲೇ ಇರಬೇಕು. ಹಾಸ್ಯಗಾರನಿಗೆ ಆಶುಮಾತು ಕಡ್ಡಾಯ ಆದದ್ದು ಹೀಗೆ. ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಕ್ಕೇ ಹೆಸರಾದವರು, ಅವರೇ ಕಂಪನಿಯ ಮಾಲೀಕರೂ ಹೌದು. ಅವರ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆ ತಂದಿತ್ತು. ಅಂಥ ದೃಶ್ಯ ಜೋಡಿಸುವ ಹೊತ್ತಿಗೆ ಮುಂದೆ ಯಾರಾದರೂ ಸಭೆಯನ್ನು ಹಿಡಿದು ಕೂರಿಸಬೇಕೇ ಬೇಕು. ನಿಮ್ಮದರಲ್ಲಿ ನಾಲ್ಕು ನಿಮಿಷದ ಹಾಸ್ಯ ಸಾಕು, ಆದರೆ ಹಿಂದೆ ಏನಾದರೂ ನಿಜವಾಗಿ ಬದಲಾಗಿರಲಿ. ಪರದೆ ಎದ್ದಾಗ ಅದೇ ಖಾಲಿ ರಂಗ ಕಂಡರೆ ನಿಮ್ಮ ಪ್ರಶ್ನೆಯನ್ನೇ ಸಭೆಯೂ ಕೇಳುತ್ತದೆ.

ಪರದೆ ಒಂದೇ ಮಾಡಿಸಿ. ರಂಗದ ಬಾಯಿ 24 ಅಡಿ ಅಂದಿರಿ, ಬಟ್ಟೆ 26 ಅಡಿ ಅಗಲ, 14 ಅಡಿ ಎತ್ತರ. ಗಟ್ಟಿ ಕಾಟನ್ ಬಟ್ಟೆ ಇರಲಿ. ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ಹೊಲಿಸಿ. ಉದ್ದುದ್ದ ಹೊಲಿದರೆ ಪ್ರತಿ ಹೊಲಿಗೆಯಲ್ಲೂ ಬಟ್ಟೆ ಎಳೆದು ಮೇಲಿಂದ ಕೆಳಕ್ಕೆ ಗೆರೆ ಬೀಳುತ್ತದೆ. ಮೊದಲು ತೆಳು ಅಂಟಿನ ನೀರು ಬಳಿದು ಒಣಗಿಸಿ, ಆಮೇಲೆ ಬಣ್ಣ. ಬಣ್ಣ ತೆಳ್ಳಗಿರಬೇಕು. ದಪ್ಪ ಬಳಿದರೆ ಸುತ್ತಿದ ಮೇಲೆ ಬಿರುಕು ಬಿಡುತ್ತದೆ. ಎನಾಮೆಲ್ ಆದರೆ ಮಡಿಕೆ ಮಡಿಕೆಗೂ ಅಂಟಿಕೊಂಡು ಬಿಚ್ಚುವುದೇ ಇಲ್ಲ.

ಕೆಳಗಿನ ಅಂಚಿಗೆ ಉರುಳೆ. ಎರಡೂ ಬದಿ ಒಂದೊಂದು ಅಡಿ ಹೊರಗೆ ಚಾಚಬೇಕು, ಅಂದರೆ 28 ಅಡಿ. ಪ್ಲಾಸ್ಟಿಕ್ ಪೈಪು ಹಾಕಬೇಡಿ, ನಡುವೆ ಜೋತು ಬೀಳುತ್ತದೆ, ಜೋತ ಕಡೆ ಬಟ್ಟೆ ಸಡಿಲ ಸುತ್ತಿ ಹೊಟ್ಟೆ ಬರುತ್ತದೆ. ಐದಾರು ಇಂಚು ದಪ್ಪದ ಅಲ್ಯೂಮಿನಿಯಂ ಕೊಳವೆ ನೇರವಾಗಿ ನಿಲ್ಲುತ್ತದೆ. ಚಾಚಿದ ತುದಿಗಳಿಗೆ ಹಗ್ಗ ಸುತ್ತಿರುತ್ತದೆ, ಅದು ಮೇಲಿನ ರಾಟೆ ಹಾದು ಪಕ್ಕಕ್ಕೆ ಇಳಿಯುತ್ತದೆ. ಎಳೆದರೆ ಹಗ್ಗ ಬಿಚ್ಚುತ್ತಾ ಉರುಳೆ ತಿರುಗುತ್ತದೆ, ಬಟ್ಟೆ ಸುತ್ತಿಕೊಳ್ಳುತ್ತಾ ಮೇಲೇರುತ್ತದೆ. 14 ಅಡಿ ಏರಲು ಹತ್ತಿರ ಹತ್ತಿರ 28 ಅಡಿ ಹಗ್ಗ ಎಳೆಯಬೇಕು. ಉರುಳೆ ಮೇಲೇರುವ 14, ಬಿಚ್ಚಿಕೊಳ್ಳುವ 14. ಇದನ್ನು ಲೆಕ್ಕ ಹಾಕದೆ ಹಗ್ಗ ಕತ್ತರಿಸಿದವರ ಪರದೆ ಅರ್ಧಕ್ಕೇ ನಿಂತುಬಿಡುತ್ತದೆ. ಎರಡೂ ಬದಿಯ ಹಗ್ಗವನ್ನು ಒಂದೇ ಕಡೆಗೆ ತಂದು ಒಬ್ಬರೇ ಎಳೆಯಿರಿ. ಇಬ್ಬರು ಎಳೆದರೆ ಒಂದು ಬದಿ ಮುಂದಾಗಿ ಸುತ್ತು ಓರೆಯಾಗುತ್ತದೆ. ಎಳೆಯುವವರು ಗಟ್ಟಿಗರಾಗಿರಲಿ, ಕೊಳವೆ ಹಗುರವಲ್ಲ. ಮೇಲಿನ ಅಡ್ಡಪಟ್ಟಿ, ರಾಟೆಗಳನ್ನು ಸಭಾಂಗಣದ ತಿಳಿದ ಕೆಲಸಗಾರರಿಂದಲೇ ಕಟ್ಟಿಸಿ.

ಇನ್ನೊಂದು ವಿಷಯ, ಬಹಳ ಜನ ಮರೆಯುವುದು. ಪರದೆಯ ಹಿಂದೆ ದೀಪ ಉರಿಯುತ್ತಿದ್ದರೆ ತೆಳುಬಣ್ಣದ ಬಟ್ಟೆ ಪಾರದರ್ಶಕ ಆಗಿಬಿಡುತ್ತದೆ. ಮುಂದೆ ಹಾಸ್ಯ ನಡೆಯುತ್ತಿರುತ್ತದೆ, ಹಿಂದೆ ಸಿಂಹಾಸನ ಹೊತ್ತವರ ನೆರಳು ರಸ್ತೆಯ ಮೇಲೆ ನಡೆದುಹೋಗುತ್ತದೆ. ಹಿಂದಿನ ದೀಪ ಆರಿಸಿ, ಅಥವಾ ಬೆನ್ನಿಗೆ ಕಪ್ಪು ಬಟ್ಟೆ ಕಟ್ಟಿ.

ಹಿಮ್ಮೇಳ

ಒಂದು ಬಿಟ್ಟುಹೋಗಿದೆ: ‘ಒನ್ಸ್ ಮೋರ್’. ಪಾತ್ರವೇ ಹಾಡತೊಡಗಿದ ಮೇಲೆ ಸಭೆ ಪಾತ್ರವನ್ನೇ ಕೇಳಿ ಮತ್ತೆ ಹಾಡಿಸುವ ರೂಢಿ ಬೆಳೆಯಿತು. ಭಾಗವತರಿಗೆ ಯಾರೂ ಹಾಗೆ ಕೂಗುವುದಿಲ್ಲ. ಮೂರನೇ ಸಲದಲ್ಲಿ ಇದನ್ನು ಸೇರಿಸಿ, ತಂಡದವರೇ ಇಬ್ಬರು ಸಭೆಯಲ್ಲಿ ಕೂತು ಕೂಗಲಿ.

ಮುಳಗುಂದ ನಾಕಾ

ಕೂಗಸ್ರಿ, ಆದ್ರ ಮೊದಲs ಗೆರಿ ಹಾಕ್ಕೊಂಡಿರ್ರಿ. ಸತ್ತು ಬಿದ್ದ ಪಾತ್ರ ಎದ್ದು ಮತ್ತೊಮ್ಮೆ ಹಾಡಿದ್ರ ನಗೆಪಾಟಲು.

ಕಾಲುಪೆಟ್ಟಿಗೆ

ಉಷೆ ಸಾಯುವುದಿಲ್ಲ, ಆ ಭಯ ಬೇಡ. ಮತ್ತೆ ಹಾಡುವಾಗ ಇಡೀ ಪದ್ಯ ಬೇಡ, ಮೂರನೇ ಸಾಲಿನಿಂದ ಎತ್ತಿಕೊಳ್ಳಿ. ಒನ್ಸ್ ಮೋರ್ ಕೂಗು ಕೇಳಿದ ಕೂಡಲೇ ಹಾರ್ಮೋನಿಯಂ ಮಾಸ್ತರರು ಷಡ್ಜ ಹಿಡಿದು ನಿಲ್ಲಲಿ, ತಬಲಾದವರು ಒಂದು ಆವರ್ತ ಬರೀ ಠೇಕಾ (ತಾಳದ ಮೂಲ ಬಡಿತ) ಕೊಡಲಿ, ಅಷ್ಟರಲ್ಲಿ ಉಷೆ ಮೊದಲು ನಿಂತ ಜಾಗಕ್ಕೇ ವಾಪಸ್ ಬರಲಿ. ಚಿತ್ರಲೇಖೆಗೆ ಒಂದು ಮಾತು ಹೇಳಿಡಿ: ‘ನೀ’ ಎಂಬ ಕೊನೆಯ ಗುರು ಎರಡನೇ ಸಲ ಬರುವವರೆಗೆ ಕುಂಚ ಎತ್ತಬಾರದು. ಮೊದಲ ಸಲಕ್ಕೇ ಬರೆಯಲು ಶುರುಮಾಡಿದರೆ ಚಿತ್ರ ಮುಗಿದಿರುತ್ತದೆ, ಹಾಡು ಇನ್ನೂ ‘ಬರೆದು ತೋರಿಸು’ ಅನ್ನುತ್ತಿರುತ್ತದೆ.

ತೆರೆಮರೆ

ಬರೆದುಕೊಂಡೆ. ಹೀಗೆ ಹಂಚಿದ್ದೇನೆ: ಭಾಗವತರದ್ದು 10, ಉಷೆಯೇ ಹಾಡುವುದು 10, ಪರದೆ–ಹಾಸ್ಯ–ಒನ್ಸ್ ಮೋರ್ ಸೇರಿ 17, ನಡುನಡುವೆ ಮಾತು 8. ಪರದೆಯ ಅಳತೆ ನಾಳೆ ತೆಗೆಯುತ್ತೇವೆ.